ಮೆನಿಯೇರ್ಸ್ ಇರುವವರನ್ನು "ಏನು ತಿಂದೆ?" ಅಂತ ಮೊದಲು ಕೇಳಬೇಡಿ

ಮೆನಿಯೇರ್ಸ್ ಅನ್ನುವುದು ತಲೆಸುತ್ತು ತರುವ ಒಳಕಿವಿಯ ಕಾಯಿಲೆ. ಅದರ ಅಟ್ಯಾಕ್ ಬಂದು ಹೋದ ಮೇಲೆ ಸುತ್ತಲಿನವರು ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ನಿನ್ನೆ ಏನು ತಿಂದೆ?" ಕೇಳುವವರಿಗೆ ಕಾಳಜಿ ಇರುತ್ತದೆ, ನಿಜ. ಆದರೆ ಗಂಟೆಗಟ್ಟಲೆ ಕೋಣೆಯೆಲ್ಲಾ ಗರಗರ ತಿರುಗಿ, ವಾಂತಿ ಮಾಡಿ ಸುಸ್ತಾಗಿ, ಗೋಡೆ ಹಿಡಿದು ಎದ್ದು ಬಂದವರಿಗೆ ಅದು ಬೇರೆಯೇ ರೀತಿ ಕೇಳಿಸುತ್ತದೆ. ತಪ್ಪು ನಿನ್ನದೇ ಅಂದ ಹಾಗೆ. "ಉಪ್ಪು ತಿಂದವರು ನೀರು ಕುಡಿಯಲೇಬೇಕು" ಅನ್ನುವ ಗಾದೆಯನ್ನು ಈ ಕಾಯಿಲೆಯವರ ತಲೆಗೆ ಕಟ್ಟುವುದು ನ್ಯಾಯವಲ್ಲ. ನನಗೂ ಈ ಕಾಯಿಲೆ ಇದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ನಮ್ಮ ಒಳಕಿವಿಯಲ್ಲಿ ತೆಳುವಾದ ಪೊರೆಯ ಚೀಲಗಳಿವೆ, ಅವುಗಳಲ್ಲಿ ಒಂದು ದ್ರವ ತುಂಬಿರುತ್ತದೆ. ಕೇಳುವುದಕ್ಕೂ ಸಮತೋಲನಕ್ಕೂ ಅದು ಬೇಕು. ಮೆನಿಯೇರ್ಸ್‌ನಲ್ಲಿ ಆ ದ್ರವ ಜಾಸ್ತಿಯಾಗಿ ಚೀಲ ಉಬ್ಬಿಕೊಂಡಿರುತ್ತದೆ. ತೀರಿಕೊಂಡ ರೋಗಿಗಳ ಕಿವಿಯನ್ನು ಪರೀಕ್ಷಿಸಿದ ವೈದ್ಯರು ಇದನ್ನು 1938ರಲ್ಲೇ ಕಂಡರು. ಯಾಕೆ ಉಬ್ಬುತ್ತದೆ ಅನ್ನುವುದಕ್ಕೆ ವಿಜ್ಞಾನದ ಬಳಿ ಇವತ್ತಿಗೂ ಪೂರ್ತಿ ಉತ್ತರವಿಲ್ಲ. ತಲೆಸುತ್ತು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಕಿವಿ ಕಟ್ಟಿದ ಹಾಗಾಗುವುದು, ಏರಿಳಿಯುವ ಕಿವುಡು, ಇವೆಲ್ಲ ಸೇರಿಕೊಂಡು ಬರುತ್ತವೆ. ಒಂದು ಅಟ್ಯಾಕ್ 20 ನಿಮಿಷದಿಂದ 12 ಗಂಟೆವರೆಗೂ ಇರಬಹುದು. ತಲೆ ಹೊರಳಿಸಿದಾಗ ಮಾತ್ರ ಕೆಲವು ಸೆಕೆಂಡು ಸುತ್ತಿ ನಿಲ್ಲುವುದು ಬೇರೆ ತೊಂದರೆ, ಅದಕ್ಕೆ ಬೇರೆ ಚಿಕಿತ್ಸೆ ಇದೆ. ಹಾಗಾಗಿ ಕಿವಿ ಡಾಕ್ಟರ ಹತ್ತಿರ ಹೋಗಿ, ಶ್ರವಣ ಪರೀಕ್ಷೆ ಮಾಡಿಸದೆ ಯಾರೂ ತಮಗೆ ಮೆನಿಯೇರ್ಸ್ ಅಂದುಕೊಂಡು ಪಥ್ಯ ಶುರು ಮಾಡಬಾರದು.

ಈಗ ಉಪ್ಪಿನ ವಿಷಯ. ಉಪ್ಪು ಜಾಸ್ತಿಯಾದರೆ ಮೈ ನೀರು ಹಿಡಿದುಕೊಳ್ಳುತ್ತದೆ, ಒಳಕಿವಿಯ ಮೇಲೂ ಅದರ ಪರಿಣಾಮ ಆಗಬಹುದು ಅನ್ನುವ ಲೆಕ್ಕಾಚಾರ 1930ರ ದಶಕದಿಂದಲೂ ಇದೆ. ದಿನಕ್ಕೆ 1500ರಿಂದ 2000 ಮಿಲಿಗ್ರಾಂ ಸೋಡಿಯಂ ದಾಟಬೇಡಿ ಅಂತ ಡಾಕ್ಟರುಗಳು ಹೇಳುತ್ತಾರೆ. 2000 ಮಿಲಿಗ್ರಾಂ ಸೋಡಿಯಂ ಅಂದರೆ ಸುಮಾರು 5 ಗ್ರಾಂ ಉಪ್ಪು, ಅಂದರೆ ಒಂದು ಟೀ ಚಮಚಕ್ಕೂ ಸ್ವಲ್ಪ ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರೆಲ್ಲರಿಗೂ ಹೇಳುವ ಮಿತಿಯೂ ಇದೇ. ಆದ್ದರಿಂದ ಇದನ್ನು ಪಾಲಿಸಿದರೆ ಹೆಚ್ಚಿನವರಿಗೆ ನಷ್ಟವೇನಿಲ್ಲ.

ಆದರೆ ಉಪ್ಪು ಬಿಟ್ಟರೆ ಅಟ್ಯಾಕ್ ನಿಂತೇ ಹೋಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ. 2018ರಲ್ಲಿ, ಚಿಕಿತ್ಸೆಗಳ ಪುರಾವೆಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯವರು ಉಪ್ಪು, ಕೆಫೀನ್, ಮದ್ಯ ಕಡಿಮೆ ಮಾಡುವುದರ ಬಗ್ಗೆ ಸರಿಯಾದ ಹೋಲಿಕೆ ಪ್ರಯೋಗಗಳನ್ನು ಹುಡುಕಿದರು. ಅವರಿಗೆ ಒಂದೂ ಸಿಗಲಿಲ್ಲ. ಉಪಯೋಗವಿಲ್ಲ ಅಂತ ಸಾಬೀತಾಯಿತು ಎಂದಲ್ಲ, ಸರಿಯಾಗಿ ಪರೀಕ್ಷೆಯೇ ಆಗಿರಲಿಲ್ಲ ಎಂದಷ್ಟೇ. ಇಷ್ಟು ತೆಳುವಾದ ಆಧಾರ ಇಟ್ಟುಕೊಂಡು ಒಬ್ಬರ ತಟ್ಟೆಯನ್ನು ದಿನಾ ತನಿಖೆ ಮಾಡುವುದು ಎಷ್ಟು ಸರಿ?

ಉಪ್ಪು ಕಡಿಮೆ ಮಾಡುತ್ತೇನೆ ಅನ್ನುವವರು ಉಪ್ಪಿನ ಡಬ್ಬಿಗಿಂತ ಪ್ಯಾಕೆಟ್‌ಗಳ ಕಡೆ ಜಾಸ್ತಿ ನೋಡಿ. ಬ್ರೆಡ್, ಬಿಸ್ಕೆಟ್, ಸಾಸ್, ಪ್ಯಾಕೆಟ್ ಸೂಪ್, ಇನ್‌ಸ್ಟಂಟ್ ನೂಡಲ್ಸ್‌ನಲ್ಲಿ ನಾಲಿಗೆಗೆ ಗೊತ್ತೇ ಆಗದಷ್ಟು ಸೋಡಿಯಂ ಸೇರಿರುತ್ತದೆ. ಲೇಬಲ್‌ನಲ್ಲಿ ಬರೆದಿರುವ ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಎಷ್ಟು ಅಂತ ಸಿಗುತ್ತದೆ. ಅಡುಗೆ ಸೋಡಾ ಕೂಡ ಸೋಡಿಯಂ. ನೀರಲ್ಲಿ ಹಾಕಿದರೆ ಬುಸ್ ಅಂತ ಕರಗುವ ನೋವಿನ ಮಾತ್ರೆಗಳೂ ಇವೆಯಲ್ಲ, ಅಂಥ ಒಂದೇ ಮಾತ್ರೆಯಲ್ಲಿ 400 ಮಿಲಿಗ್ರಾಂ ಹತ್ತಿರ ಸೋಡಿಯಂ ಇರುವುದುಂಟು. ಇನ್ನೊಂದು ಮಾತು ಗಟ್ಟಿಯಾಗಿ ಹೇಳಬೇಕು. "ಲೋ ಸೋಡಿಯಂ" ಅಂತ ಸಿಗುವ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ಮುಟ್ಟಬೇಡಿ.

ಕಾಫಿ, ಟೀ ಬಿಟ್ಟು ಹಗುರಾದವರಿದ್ದಾರೆ, ಏನೂ ವ್ಯತ್ಯಾಸ ಕಾಣದವರೂ ಇದ್ದಾರೆ. ಬಿಡುವುದಾದರೆ ನಿಧಾನವಾಗಿ ಬಿಡಿ. ಒಮ್ಮೆಲೇ ನಿಲ್ಲಿಸಿದರೆ ತಲೆನೋವು ಬರಬಹುದು. ಮೆನಿಯೇರ್ಸ್ ಇರುವ ಬಹಳ ಜನರಿಗೆ ಮೈಗ್ರೇನ್ ಕೂಡ ಇರುತ್ತದೆ, ಅವರು ಇನ್ನೂ ಹುಷಾರಾಗಿರಬೇಕು. ಮದ್ಯ, ಸಿಗರೇಟಿನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ, ಬಿಡುವುದೇ ಒಳ್ಳೆಯದು.

ಊಟಕ್ಕೆ ಸಂಬಂಧವೇ ಇಲ್ಲದ ಟ್ರಿಗರ್‌ಗಳ, ಅಂದರೆ ಅಟ್ಯಾಕ್ ಕೆರಳಿಸುವ ಸಂಗತಿಗಳ ಬಗ್ಗೆ ಯಾರೂ ಮಾತಾಡುವುದಿಲ್ಲ, ನನಗೆ ಬೇಜಾರಾಗುವುದು ಅಲ್ಲೇ. ನಿದ್ದೆಗೆಡುವುದು, ಒತ್ತಡ, ಅಲರ್ಜಿ, ಕೆಲವು ಹೆಂಗಸರಿಗೆ ಮುಟ್ಟಿನ ಮುಂಚಿನ ದಿನಗಳು. ಬ್ರಿಟನ್ನಿನಲ್ಲಿ ರೋಗಿಗಳು ಮೊಬೈಲಿನಲ್ಲಿ ದಿನಾ ತಮ್ಮ ಲಕ್ಷಣ ದಾಖಲಿಸಿದ ಒಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ವಾತಾವರಣದ ಒತ್ತಡ ಇಳಿದ ದಿನಗಳಲ್ಲಿ ಲಕ್ಷಣಗಳು ಹೆಚ್ಚಾಗಿದ್ದವು. ಹವಾಮಾನಕ್ಕೆ ಪಥ್ಯ ಮಾಡಿಸಲು ಯಾರಿಂದ ಆಗುತ್ತದೆ? ಮನಸ್ಸಿನ ಒತ್ತಡದ ವಿಷಯವೂ ಅಷ್ಟೇ. ಅದು ಅಟ್ಯಾಕ್ ತರಬಹುದು, ಅಟ್ಯಾಕೂ ಒತ್ತಡ ತರುತ್ತದೆ. ಮತ್ತೆ ಯಾವಾಗ ಬರುತ್ತದೋ ಅನ್ನುವ ಹೆದರಿಕೆಯಲ್ಲೇ ಬದುಕುವವರಿಗೆ "ಟೆನ್ಷನ್ ಮಾಡ್ಕೋಬೇಡ" ಅನ್ನುವುದರಿಂದ ಏನೂ ಆಗುವುದಿಲ್ಲ.

ಹಾಗಾದರೆ ನಮ್ಮ ನಮ್ಮ ಟ್ರಿಗರ್ ಪತ್ತೆ ಮಾಡುವುದು ಹೇಗೆ? ಡೈರಿ ಬರೆಯಿರಿ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅಟ್ಯಾಕ್ ಬಂದ ದಿನ ಮಾತ್ರ ಬರೆಯುವ ಡೈರಿ ದಾರಿ ತಪ್ಪಿಸುತ್ತದೆ. ಅಟ್ಯಾಕ್‌ನ ಹಿಂದಿನ ದಿನ ಚೀಸ್ ತಿಂದಿದ್ದೆ ಅಂತ ಬರೆದುಕೊಳ್ಳುತ್ತೀರಿ. ಚೀಸ್ ತಿಂದು ಏನೂ ಆಗದ ದಿನಗಳು ಎಷ್ಟಿದ್ದವು? ಅದು ಎಲ್ಲೂ ದಾಖಲಾಗಿರುವುದಿಲ್ಲ. ಆದ್ದರಿಂದ ಚೆನ್ನಾಗಿದ್ದ ದಿನವೂ ಬರೆಯಿರಿ. ನಿದ್ದೆ ಎಷ್ಟು, ಕಾಫಿ ಎಷ್ಟು, ಹೊರಗಿನ ಊಟವೋ ಮನೆಯದೋ, ಮನಸ್ಸು ಹೇಗಿತ್ತು, ಕಿವಿ ಹೇಗಿತ್ತು. ಎರಡು ಸಾಲು ಸಾಕು. ನನ್ನ ಡೈರಿಯಲ್ಲಿ ಉಪ್ಪಿಗಿಂತ ನಿದ್ದೆಗೆಟ್ಟ ರಾತ್ರಿಗಳೇ ಎದ್ದು ಕಂಡವು. ನಿಮ್ಮದರಲ್ಲಿ ಬೇರೆ ಏನೋ ಕಾಣಬಹುದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಕೆಲವು ತಿಂಗಳು ಸಮಯ ಕೊಡಿ. ಯಾಕೆಂದರೆ ಈ ಕಾಯಿಲೆ ತಾನಾಗಿಯೇ ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಮೆನಿಯೇರ್ಸ್‌ಗೆ ತುಂಬಾ ಬಳಕೆಯಲ್ಲಿರುವ ಬೀಟಾಹಿಸ್ಟಿನ್ ಮಾತ್ರೆಯ ಬಗ್ಗೆ ಜರ್ಮನಿಯಲ್ಲಿ 221 ಜನರ ಮೇಲೆ ಒಂಬತ್ತು ತಿಂಗಳ ಪ್ರಯೋಗ ನಡೆದು, ಫಲಿತಾಂಶ 2016ರಲ್ಲಿ ಬಂತು. ಮಾತ್ರೆ ತೆಗೆದುಕೊಂಡವರಿಗೆ ಅಟ್ಯಾಕ್ ಕಡಿಮೆಯಾಯಿತು. ಔಷಧವಿಲ್ಲದ ಹುಸಿ ಮಾತ್ರೆ ನುಂಗಿದವರಿಗೂ ಅಷ್ಟೇ ಕಡಿಮೆಯಾಯಿತು. ಅದನ್ನು ಓದಿ ನಿಮ್ಮ ಮಾತ್ರೆ ನಿಲ್ಲಿಸಬೇಡಿ, ಅದು ನಿಮ್ಮ ಡಾಕ್ಟರ ಜೊತೆ ಕೂತು ಮಾತಾಡುವ ವಿಷಯ. ಆದರೆ "ನಾನು ಗೋಧಿ ಬಿಟ್ಟೆ, ವಾಸಿಯಾಯಿತು", "ಹಾಲು ಬಿಟ್ಟೆ, ನಿಂತೇ ಹೋಯಿತು" ಅನ್ನುವ ಮಾತು ಕೇಳಿದಾಗ ಈ ಪ್ರಯೋಗ ನೆನಪಿಡಿ. ಒಂದೊಂದೇ ಪದಾರ್ಥ ಬಿಡುತ್ತಾ ಬಿಡುತ್ತಾ ಕೊನೆಗೆ ತಿನ್ನುವುದಕ್ಕೇ ಹೆದರುವ ಸ್ಥಿತಿಗೆ ಬಂದವರಿದ್ದಾರೆ. ಅವರಿಗೆ ಬೇಕಿರುವುದು ಇನ್ನೊಂದು ನಿಷೇಧದ ಪಟ್ಟಿಯಲ್ಲ.

ಪಥ್ಯದ ಗಲಾಟೆಯಲ್ಲಿ ಮರೆಯಬಾರದ ಒಂದು ವಿಷಯ. ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದಂತಾದರೆ ಕಾಯಬೇಡಿ, ತಕ್ಷಣ ಡಾಕ್ಟರಿಗೆ ತೋರಿಸಿ. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಎರಡೆರಡಾಗಿ ಕಂಡರೆ, ಕೈಕಾಲು ಸೋತರೆ "ಅದೇ ಮೆನಿಯೇರ್ಸ್ ಬಿಡು" ಅಂತ ಮಲಗಬೇಡಿ, ಆಸ್ಪತ್ರೆಗೆ ಹೋಗಿ.

ಮನೆಯವರಿಗೆ ನನ್ನದೊಂದು ಕೋರಿಕೆ. ಅಟ್ಯಾಕ್ ಬಂದಾಗ ಲೈಟ್ ಆರಿಸಿ, ಟಿವಿ ನಿಲ್ಲಿಸಿ, ಕೈಗೆ ಸಿಗುವ ಹಾಗೆ ಒಂದು ಪಾತ್ರೆ, ಸ್ವಲ್ಪ ನೀರು ಇಡಿ. ಬಾತ್‌ರೂಮಿಗೆ ಒಬ್ಬರನ್ನೇ ಕಳಿಸಬೇಡಿ. ಆ ಹೊತ್ತಿನಲ್ಲಿ ಕಿವಿಯೂ ಸರಿಯಾಗಿ ಕೇಳಿಸುವುದಿಲ್ಲ, ಮಾತಾಡಲೇಬೇಕಾದರೆ ಚೆನ್ನಾಗಿರುವ ಕಿವಿಯ ಕಡೆ ಕೂತು ನಿಧಾನವಾಗಿ ಮಾತಾಡಿ. ಏನು ತಿಂದೆ ಅನ್ನುವ ಪ್ರಶ್ನೆ ಎರಡು ದಿನ ಬಿಟ್ಟು ಕೇಳಿದರೂ ನಡೆಯುತ್ತದೆ. ಆಗ ಡೈರಿ ತೆರೆದು ಇಬ್ಬರೂ ಒಟ್ಟಿಗೇ ನೋಡಬಹುದು.