ಹಿಂದಿನ ಬ್ರೇಕು, ಮುಂದೆ ಜನ

ತುಮಕೂರಿನಲ್ಲಿ ಭಾನುವಾರ ಬೆಳಿಗ್ಗೆ ಮನೆ ಮುಂದೆ ಕಾರಿನ ಚಕ್ರ ಬಿಚ್ಚಿದರೆ ಸಾಕು, ಕರೆಯದೆ ಜನ ಸೇರುತ್ತಾರೆ. "ಏನ್ ಸಾರ್, ಪಂಚರಾ?" ಅನ್ನುವುದು ಬರೀ ಪೀಠಿಕೆ. "ಇಲ್ಲ, ಹಿಂದಿನ ಡಿಸ್ಕ್ ಬ್ರೇಕಿನ ಪ್ಯಾಡು ಬದಲಾಯಿಸ್ತಿದ್ದೀನಿ" ಅಂದಿರೋ, ಹಾಲಿನ ಪ್ಯಾಕೆಟ್ ಹಿಡಿದವರೂ ಮನೆಗೆ ಹೋಗುವುದಿಲ್ಲ.

ದೇವರಾಯನದುರ್ಗದಿಂದ ಇಳಿಯುವಾಗ ಹಿಂದಿನ ಚಕ್ರ ಕಿರ್ರೋ ಅಂದಿತ್ತು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಅದುಮಿ ನಿಲ್ಲಿಸುವ ಪ್ಯಾಡ್ ಸವೆದಾಗ ಅದಕ್ಕೆ ಬೇಕಂತಲೇ ಕೂಡಿಸಿರುವ ಸಣ್ಣ ತಗಡು ಡಿಸ್ಕಿಗೆ ತಗುಲಿ ಹಾಗೆ ಕೂಗುತ್ತದೆ. ನನ್ನ ಹೆಂಡತಿ ಮಾತ್ರ, ನರಸಿಂಹಸ್ವಾಮಿಗೆ ಹಣ್ಣುಕಾಯಿ ಮಾಡಿಸದೆ ಬಂದಿದ್ದಕ್ಕೇ ಹೀಗಾಯ್ತು ಅಂದಳು.

ಕ್ಯಾತ್ಸಂದ್ರದಿಂದ ಬಾಮೈದ ತಟ್ಟೆ ಇಡ್ಲಿ ಪಾರ್ಸೆಲ್ ಸಮೇತ ಬಂದ. "ಭಾವ, ಎಲ್ಲಾ ಬೈಕ್ ಥರಾನೇ, ಅರ್ಧ ಗಂಟೆ ಕೆಲಸ." ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆವು. ಜಾಕಿಯಲ್ಲಿ ಎತ್ತಿ, ಕೆಳಗೆ ಸ್ಟ್ಯಾಂಡ್ ಇಟ್ಟು, ಹ್ಯಾಂಡ್ ಬ್ರೇಕ್ ಇಳಿಸಿದೆವು. ಪ್ಯಾಡುಗಳನ್ನು ಹಿಡಿದಿರುವ ಕ್ಯಾಲಿಪರಿನ ಬೋಲ್ಟ್ ಬಿಚ್ಚಿದೆವು. ಕ್ಯಾಲಿಪರ್ ಅಲ್ಲಾಡಲಿಲ್ಲ. ಬಾಮೈದ ಸುತ್ತಿಗೆ ತಂದ. ಎದುರು ಮನೆಯವರು ಎಣ್ಣೆ ತಂದರು. ಕೊನೆಗೆ ಒಳಗೆ ಬಗ್ಗಿ ನೋಡಿದರೆ ಹ್ಯಾಂಡ್ ಬ್ರೇಕ್ ಮೇಲಕ್ಕಿದೆ! ಎಳೆದವರು ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು. "ಹ್ಯಾಂಡ್ ಬ್ರೇಕ್ ಹಾಕದೆ ಯಾರಾದ್ರೂ ಕಾರು ಎತ್ತುತ್ತಾರೇನಪ್ಪಾ? ನಾನೇ ಹಾಕಿದೆ" ಅಂದರು. ಅದನ್ನು ಎಳೆದರೆ ಹಿಂದಿನ ಪ್ಯಾಡುಗಳು ಡಿಸ್ಕನ್ನು ಕಚ್ಚಿ ಹಿಡಿಯುತ್ತವೆ ಅಂತ ವಿವರಿಸಿದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಕ್ಯಾಲಿಪರ್ ಕಳಚಿತು. ಅದನ್ನು ಬ್ರೇಕ್ ಆಯಿಲ್ ಪೈಪಿನ ಮೇಲೆ ನೇತುಬಿಡಬಾರದು, ಪೈಪು ಹಾಳಾಗುತ್ತದೆ. ಕಟ್ಟಲು ಸಿಕ್ಕಿದ್ದು ಒಣಗಲು ಹಾಕಿದ್ದ ಲಂಗದ ಲಾಡಿ. ಆ ವಿಷಯ ಇಲ್ಲಿಗೇ ಬಿಡೋಣ.

ಹೊಸ ಪ್ಯಾಡ್ ದಪ್ಪ ಜಾಸ್ತಿ. ಪ್ಯಾಡನ್ನು ತಳ್ಳುತ್ತಾ ಕ್ಯಾಲಿಪರಿನಿಂದ ಹೊರಗೆ ಬಂದಿರುವ ಪಿಸ್ಟನ್ ಒಳಗೆ ಹೋದರೆ ಮಾತ್ರ ಅದಕ್ಕೆ ಜಾಗ. ಬಾಮೈದ ಕ್ಲಾಂಪ್ ಹಾಕಿ ಮುಖ ಕೆಂಪಾಗುವ ತನಕ ಅದುಮಿದ. ಮುಂದಿನ ಚಕ್ರದ್ದಾದರೆ ಒತ್ತಿದರೆ ಹೋಗುತ್ತದೆ. ನನ್ನ ಕಾರಿನ ಹಿಂದಿನ ಪಿಸ್ಟನ್ನಿನೊಳಗೆ ಹ್ಯಾಂಡ್ ಬ್ರೇಕಿನ ಸ್ಕ್ರೂ ಇದೆ. ಬಾಟಲಿ ಮುಚ್ಚಳದ ಹಾಗೆ ತಿರುಗಿಸಿಯೇ ಕೂರಿಸಬೇಕು. "ತಿರುಗಿಸೋ" ಅಂದೆ. "ಇನ್ನೇನು ಹೋಯ್ತು ಭಾವ" ಅಂದ. ಕ್ಲಾಂಪ್ ಬಾಗಿತು. ಪಿಸ್ಟನ್ ಮುಖದ ಎರಡು ಕಚ್ಚಿಗೆ ಚೂಪು ಮೂತಿಯ ಇಕ್ಕಳ ಸಿಕ್ಕಿಸಿ ತಿರುವಿದ ಮೇಲೆ ಮಹರಾಯ ಒಳಗೆ ಹೋದ. ಆದರೆ ಪಿಸ್ಟನ್ ಒಳಗೆ ಹೋದಷ್ಟು ಬ್ರೇಕ್ ಆಯಿಲ್ ಬಾನೆಟ್ ಕೆಳಗಿನ ಡಬ್ಬಿಗೆ ವಾಪಸ್ ಏರುತ್ತದೆ. ಉಕ್ಕಿ ಬಿದ್ದರೆ ಪೇಂಟು ತಿನ್ನುತ್ತದೆ. ಹೆಚ್ಚಾಗಿದ್ದನ್ನು ಮಗನಿಗೆ ಟಾನಿಕ್ ಹಾಕುವ ಡ್ರಾಪರಿನಲ್ಲಿ ತೆಗೆದೆ. ಆಮೇಲೆ ಡ್ರಾಪರನ್ನು ಕಸಕ್ಕೆ ಎಸೆದೆ. ಇನ್ನೊಂದು ಕಡೆಯ ಚಕ್ರ ಯಾವ ನಾಟಕವೂ ಇಲ್ಲದೆ ಮುಗಿಯಿತು.

ಚಕ್ರ ಹಾಕಿ ಪೆಡಲ್ ಒತ್ತಿದರೆ ಮೊದಲು ತಳ ಮುಟ್ಟುತ್ತದೆ. ಪಿಸ್ಟನ್ ಮತ್ತೆ ಪ್ಯಾಡಿನ ತನಕ ಬರಬೇಕಲ್ಲ. ಗಟ್ಟಿಯಾಗುವ ತನಕ ಒತ್ತುತ್ತಾ ಕೂತೆ. "ಬನ್ನಿ, ಬಟವಾಡಿ ತನಕ ಒಂದು ರೌಂಡ್ ಹೋಗೋಣ" ಅಂದೆ ನೋಡಿ, ಬೀದಿ ಖಾಲಿ. ಮೇಷ್ಟ್ರಿಗೆ ಮೊಮ್ಮಗನ ಹೋಂವರ್ಕ್ ನೆನಪಾಯಿತು. ಬಾಮೈದನಿಗೆ ಹೊಟ್ಟೆನೋವು.

ಹೆಂಡತಿ ನಿಂಬೆಹಣ್ಣು ಹಿಡಿದು ಬಂದಳು.

"ರೀ, ಮುಂದಿನ ಬ್ರೇಕು ಮುಟ್ಟಿಲ್ಲ ತಾನೆ?"

"ಇಲ್ಲ."

"ಹಾಗಾದ್ರೆ ಎರಡು ಸಾಕು."