ಯಜಮಾನಿಕೆ ನಮ್ಮದಲ್ಲ

ಮೊನ್ನೆ ರಾತ್ರಿ ದುಬೈಯಿಂದ ತಮ್ಮ ಫೋನ್ ಮಾಡಿದ್ದ. ಅವನ ಕಂಪೆನಿಯಲ್ಲಿ ಜನ ಕಡಿಮೆ ಮಾಡ್ತಿದ್ದಾರಂತೆ, ಇವನ ಹೆಸರು ಪಟ್ಟಿಯಲ್ಲಿ ಉಂಟೋ ಇಲ್ವೋ ಗೊತ್ತಿಲ್ಲ, ಮಗಳ ಶಾಲೆ ಫೀಸು, ಊರಿನ ಮನೆ ಸಾಲ, ಎಲ್ಲ ಹೇಳ್ಕೊಂಡ. ನಾನು ಇಲ್ಲಿಯದ್ದು ಹೇಳಿದೆ, ಎಲೆಚುಕ್ಕಿ ರೋಗ ತೋಟದ ಮೇಲಿನ ತುದಿಗೆ ಬಂದದ್ದು, ಮಳೆ ಬಿಡದೆ ಅಡಿಕೆಗೆ ಎರಡನೇ ಸಲದ ಮದ್ದು ಬಾಕಿ ಆದದ್ದು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, "ಅಣ್ಣ, ಹೀಗೆಲ್ಲ ಇರುವಾಗ ನಿನಗೆ ನಿದ್ದೆ ಹೇಗೆ ಬರ್ತದೆ?" ಆಗ ಉತ್ತರ ಬಾಯಿಗೆ ಬರ್ಲಿಲ್ಲ. ಅವನಿಗೂ ಅವನ ಹಾಗೆ ಕೂತವರಿಗೂ ಅಂತ ಇಲ್ಲಿ ಬರೀತಿದ್ದೇನೆ, ಉದ್ದ ಆಗ್ತದೆ, ಪುರುಸೊತ್ತಿದ್ರೆ ಓದಿ.

ನಮ್ಮ ಕಾಸರಗೋಡಿನವರಿಗೆ ಗಟ್ಟಿ ಅಂತ ಯಾವುದಿತ್ತು ಹೇಳಿ. ನಮ್ಮಜ್ಜ ಹುಟ್ಟಿದ್ದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ, 1956 ನವೆಂಬರ್ 1ಕ್ಕೆ ಕೇರಳದವರಾದ್ರು, 1967ರಲ್ಲಿ ಗಡಿ ವಿವಾದದ ಮಹಾಜನ್ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರ್ಬೇಕು ಅಂದಾಗ ಇನ್ನೇನು ಆಯ್ತು ಅಂತ ಕಾದ್ರು, ಕಾಯ್ತಾ ಕಾಯ್ತಾ ತೀರಿಕೊಂಡ್ರು. ಇಷ್ಟೆಲ್ಲ ಆಗುವಾಗ ಅವರು ಎಲೆ ತಿಂತಾ ಕೂತಿದ್ದ ಜಗಲಿ ಮಾತ್ರ ಇದ್ದಲ್ಲೇ ಇತ್ತು.

ನನಗೆ ಕಾಲಡಿಯ ನೆಲ ಹೋದದ್ದು 2020ರ ಮಾರ್ಚ್ ಕೊನೆಗೆ. ಅಮ್ಮನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್, ಮಂಗಳೂರಿನಲ್ಲಿ. ನಮಗೆಲ್ಲ ದೊಡ್ಡ ಆಸ್ಪತ್ರೆ ಅಂದ್ರೆ ಮೊದಲಿಂದ ಮಂಗಳೂರೇ ಅಲ್ವಾ. ಲಾಕ್‌ಡೌನ್ ಆಯ್ತು, ಕರ್ನಾಟಕದ ಗಡಿ ತಲಪಾಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿದಿದ್ರು. ಆಂಬುಲೆನ್ಸ್ ಹೋದ ದಾರಿಯಲ್ಲೇ ವಾಪಸ್ ಬಂತು. ಆ ದಿನಗಳಲ್ಲಿ ಆಸ್ಪತ್ರೆ ಮುಟ್ಟದೆ ತೀರಿಹೋದವರು ನಮ್ಮ ಜಿಲ್ಲೆಯಲ್ಲಿ ಹಲವರು, ಪೇಪರಿನಲ್ಲಿ ಓದಿದವರಿಗೆ ನೆನಪಿರ್ಬಹುದು. ಅಮ್ಮನ ಕಾಲು ಊದಿಕೊಂಡಿತ್ತು. ಹೆಬ್ಬೆಟ್ಟಿನಿಂದ ಒತ್ತಿದ್ರೆ ಕುಳಿ ಬಿದ್ದು ಹಾಗೇ ನಿಲ್ತಿತ್ತು, ನಾನು ದಿನಕ್ಕೆ ಹತ್ತು ಸಲ ಒತ್ತಿ ನೋಡುದು, ಕುಳಿ ಎಷ್ಟು ಹೊತ್ತಿಗೆ ತುಂಬ್ತದೆ ಅಂತ ಗಡಿಯಾರ ನೋಡುದು. ನೀರು ದಿನಕ್ಕೆ ಇಷ್ಟೇ ಅಂತ ಒಂದು ಸ್ಟೀಲಿನ ಚೊಂಬಿನಲ್ಲಿ ಅಳೆದು ಇಡ್ತಿದ್ದೆ, ಅವರು ಅದರಲ್ಲೂ ಸ್ವಲ್ಪ ಉಳಿಸ್ತಿದ್ರು. ತಮ್ಮ ಅಲ್ಲಿಂದ ವಿಡಿಯೋ ಕಾಲಿನಲ್ಲಿ ಅಳ್ತಿದ್ದ. ನಾನು ಗುರ್ತ ಇದ್ದವರಿಗೆ ಇಲ್ಲದವರಿಗೆ ಎಲ್ಲ ಫೋನ್ ಮಾಡ್ತಿದ್ದೆ, ಆಗ ಅಮ್ಮ ಹೇಳಿದ್ದು, "ಫೋನ್ ಮಾಡು ಮಗಾ, ಬೇಡ ಅನ್ನುದಿಲ್ಲ. ಆದ್ರೆ ನನ್ನ ಉಸಿರು ಆ ಫೋನಿನೊಳಗೆ ಉಂಟು ಅಂತ ಎಣಿಸ್ಬೇಡ."

ಐದನೇ ದಿನ ಇತ್ಲಾಗಿ ಒಂದು ಆಸ್ಪತ್ರೆಯಲ್ಲಿ ಬೆಳಗ್ಗಿನ ಜಾವ ಮೂರು ಗಂಟೆಗೆ ಜಾಗ ಸಿಕ್ಕಿತು. ಅಮ್ಮ ಮತ್ತೆ ಹದಿನಾಲ್ಕು ತಿಂಗಳು ಬದುಕಿದ್ರು.

ದೇವರು ಕಾಪಾಡಿದ, ಅದಕ್ಕೆ ನಂಬಿಕೆ ಬಂತು ಅಂತ ಹೇಳ್ಲಿಕ್ಕೆ ನಾನು ಇದನ್ನು ಬರೆದದ್ದಲ್ಲ. ನಮ್ಮಮ್ಮ ಬದುಕಿದ್ದಕ್ಕೆ ದೇವರಿದ್ದಾನೆ ಅಂದ್ರೆ ಅದೇ ವಾರ ತಾಯಿಯನ್ನು ಕಳ್ಕೊಂಡ ಮನೆಗೆ ಹೋಗಿ ಎಂತ ಹೇಳುದು? ನಂಬಿಕೆ ಬಂದದ್ದು ಜಾಗ ಸಿಗುವ ಮೊದಲೇ, ಅಮ್ಮ ಆ ಮಾತು ಹೇಳಿದ ರಾತ್ರಿ. ನಾನೇ ಹಿಡ್ಕೊಂಡು ನಿಂತಿದ್ದೇನೆ, ಕೈಬಿಟ್ರೆ ಎಲ್ಲ ಬೀಳ್ತದೆ ಅಂತ ಇದ್ದ ಭಾರ ಆ ರಾತ್ರಿ ಇಳಿಯಿತು.

ಇದು ಹೊಸ ಮಾತೂ ಅಲ್ಲ. ಇಲ್ಲೇ ಕಾಸರಗೋಡಿನ ಹತ್ತಿರದ ನಮ್ಮ ಕೂಡ್ಲಿನಲ್ಲೇ, ಕುಂಬಳೆಯ ಜಯಸಿಂಹ ಅರಸನ ಕಾಲದಲ್ಲಿ, ಮಧ್ವಾಚಾರ್ಯರಿಗೂ ತ್ರಿವಿಕ್ರಮ ಪಂಡಿತರಿಗೂ ದಿನಗಟ್ಟಲೆ ವಾದ ನಡೆದು ಕೊನೆಗೆ ಪಂಡಿತರು ಆಚಾರ್ಯರ ಶಿಷ್ಯರಾದದ್ದು. ಆಚಾರ್ಯರ ಮತದ ಬುಡ ಇರುದು ಇಲ್ಲಿ: ಸ್ವತಂತ್ರ ಅಂತ ಇರುದು ಒಬ್ಬನೇ, ಹರಿ, ಬಾಕಿ ಎಲ್ಲ ಅವನ ಅಧೀನ, ನಾನೂ ನೀವೂ ಅರಸನೂ ಗಡಿಯೂ ಮಳೆಯೂ. ಹಾಗಂತ ಜೀವನಿಗೆ ಮಾಡುವ ಶಕ್ತಿಯೇ ಇಲ್ಲ ಅಂತ ಅವರು ಹೇಳ್ಲಿಲ್ಲ, ಉಂಟು, ಆದ್ರೆ ಅದು ಅವನು ಕೊಟ್ಟದ್ದು. ಕೊಟ್ಟದ್ದನ್ನು ಹೇಗೆ ಬಳಸಿದ ಅಂತ ಜೀವ ಉತ್ತರ ಹೇಳ್ಬೇಕು.

ಈ ಎರಡನೇ ಮಾತು ಬಿಟ್ಟು ಮೊದಲನೇದು ಮಾತ್ರ ಹಿಡ್ಕೊಂಡವರನ್ನು ಕಂಡ್ರೆ ನನಗೆ ತಡೀಲಿಕ್ಕೆ ಆಗುದಿಲ್ಲ. ಎಣ್ಮಕಜೆ, ಪಡ್ರೆ ಕಡೆ ಗೇರು ತೋಟದ ಮೇಲೆ ಎರಡು ದಶಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ್ರು. ತಲೆ ಎತ್ತಲಾಗದ ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡ ತಾಯಂದಿರಿಗೆ "ದೇವರ ಇಚ್ಛೆ, ಕರ್ಮ" ಅಂತ ಹೇಳಿ ಎದ್ದುಹೋದವರಿದ್ದಾರೆ, ನಾನೇ ಕೇಳಿದ್ದೇನೆ. ಅಲ್ಲ ಮಾರಾಯ್ರೆ, ಸುರಿದದ್ದು ಮನುಷ್ಯರ ಕೈ. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನೇ ದೇಶದಲ್ಲಿ ನಿಷೇಧಿಸಿದ್ದು, 2017ರಲ್ಲಿ ಸಂತ್ರಸ್ತರಿಗೆ ಐದೈದು ಲಕ್ಷ ಕೊಡಿ ಅಂದದ್ದು ಊರಿನವರು ಸುಮ್ಮನೆ ಕೂರದೆ ಹೋರಾಡಿದ್ದರಿಂದ. ದೇವರು ದೊಡ್ಡವನು ಅನ್ನುದು ನಮ್ಮ ತಪ್ಪು ಮುಚ್ಚುವ ಬಟ್ಟೆ ಆಗ್ಬಾರ್ದು.

ಮಧೂರಿನ ಗಣಪತಿ ದೇವಸ್ಥಾನದಲ್ಲಿ 1992ರ ಮೂಡಪ್ಪ ಸೇವೆ ಅಮ್ಮ ನೋಡಿದ್ರು, ಗಣಪತಿಯನ್ನು ಅಪ್ಪದಲ್ಲೇ ಮುಚ್ಚುವುದನ್ನು ಎಷ್ಟು ಸಲ ಹೇಳ್ತಿದ್ರೋ. ಇನ್ನೊಂದು ನೋಡ್ಬೇಕು ಅಂತ ಆಸೆ ಇತ್ತು. ಅದು ಬಂದದ್ದು 2025ಕ್ಕೆ. ನಾನೊಬ್ಬನೇ ಹೋದೆ. ಮಳೆ ಜೋರಾದ್ರೆ ಮಧುವಾಹಿನಿ ಹೊಳೆ ಉಕ್ಕಿ ದೇವಸ್ಥಾನದ ಒಳಗೇ ಬರ್ತದೆ, ಗೊತ್ತಿದ್ದವರಿಗೆ ಗೊತ್ತು, ಮೊಣಕಾಲು ನೀರಿನಲ್ಲಿ ನಿಂತು ಪೂಜೆ ಮಾಡ್ತಾರೆ. ಆ ಜನಜಂಗುಳಿಯಲ್ಲಿ ನಿಂತು ನನಗೆ ನೆನಪಾದದ್ದು ಆ ನೀರು, ಮತ್ತೆ ಅಮ್ಮನ ಚೊಂಬು.

ತಮ್ಮಾ, ನೀನು ರೆಸ್ಯೂಮೆ ಕಳಿಸು, ಗುರ್ತದವರಲ್ಲಿ ಕೇಳು, ಊರಿಗೆ ಬರ್ಬೇಕಾದ್ರೆ ಬಾ, ಮೇಲಿನ ಕೋಣೆ ಖಾಲಿ ಉಂಟು. ನನಗೂ ಭಯ ಆಗುದಿಲ್ಲ ಅಂತಲ್ಲ, ಎಲೆಯ ಮೇಲೆ ಆ ಹಳದಿ ಚುಕ್ಕಿ ಕಂಡ್ರೆ ಹೊಟ್ಟೆಯೊಳಗೆ ಏನೋ ಆಗ್ತದೆ. ಇವತ್ತು ಸಂಜೆ ಮಳೆ ಸ್ವಲ್ಪ ಬಿಟ್ಟಿದೆ. ನಾಳೆ ಮದ್ದು ಬಿಡುದು ಅಂತ ಒಂದು ಕಿಲೋ ಮೈಲುತುತ್ತು ಪ್ಲಾಸ್ಟಿಕ್ ಬಕೆಟಿನಲ್ಲಿ ನೆನೆ ಹಾಕಿದ್ದೇನೆ, ಒಂದು ಕಿಲೋ ಸುಣ್ಣ ಬೇರೆ, ಬೆಳಗ್ಗೆ ಎರಡೂ ಸೇರಿಸಿ ನೂರು ಲೀಟರ್ ಮಾಡುದು. ಅಪ್ಪನ ಕಾಲದ ಕಬ್ಬಿಣದ ಕತ್ತಿ ಒಂದನ್ನು ಅದರಲ್ಲಿ ಅದ್ದಿ ನೋಡ್ಬೇಕು, ಬಾಯಿ ಕೆಂಪಾದ್ರೆ ಸುಣ್ಣ ಸಾಲ್ಲಿಲ್ಲ ಅಂತ ಲೆಕ್ಕ. ಕತ್ತಿಯನ್ನು ತೊಳೆದು ಬಕೆಟಿನ ಹತ್ತಿರ ಇಟ್ಟಿದ್ದೇನೆ. ಮದ್ದು ಬಿಟ್ಟಾದ ಮೇಲೆ ಫೋನ್ ಮಾಡ್ತೇನೆ.