ನಿಮ್ಮ ಬ್ಯಾಲೆನ್ಸ್ ಗೊತ್ತಿರುವವನ ಫೋನ್ ಬಂದಾಗ

ಬಿಟ್‌ಕಾಯಿನ್‌ನಂಥ ಡಿಜಿಟಲ್ ಹಣ ಕೊಂಡು ಮಾರುವ ಕ್ರಿಪ್ಟೊ ಎಕ್ಸ್‌ಚೇಂಜ್‌ಗಳಲ್ಲಿ ಡೇಟಾ ಸೋರಿಕೆಯಾದಾಗ ಕಂಪನಿಗಳದ್ದು ಹೆಚ್ಚಾಗಿ ಒಂದೇ ರಾಗ. ಪಾಸ್‌ವರ್ಡ್ ಹೋಗಿಲ್ಲ, ನಿಮ್ಮ ಹಣಕ್ಕೆ ಏನೂ ಆಗಿಲ್ಲ. ಇದನ್ನು ಕೇಳಿದರೆ ನನಗೆ ಸಿಟ್ಟೇ ಬರುತ್ತದೆ. ಪಾಸ್‌ವರ್ಡ್ ಹೋದರೆ ಬದಲಾಯಿಸಬಹುದು. ಮನೆ ವಿಳಾಸ, ಗುರುತಿನ ಚೀಟಿಯ ಫೋಟೋ ಹೋದರೆ ಏನು ಮಾಡೋದು?

ಅಮೆರಿಕದ ಕಾಯಿನ್‌ಬೇಸ್ ಕಂಪನಿ 2025ರ ಮೇ ತಿಂಗಳಲ್ಲಿ ಒಪ್ಪಿಕೊಂಡ ಪ್ರಕರಣ ನೋಡಿ. ಕಳ್ಳರು ದೊಡ್ಡ ಹ್ಯಾಕಿಂಗ್ ಏನೂ ಮಾಡಿರಲಿಲ್ಲ. ಹೊರದೇಶದಲ್ಲಿದ್ದ ಕಸ್ಟಮರ್ ಸಪೋರ್ಟ್‌ನ ಕೆಲವರಿಗೆ ಲಂಚ ಕೊಟ್ಟಿದ್ದರು, ಅಷ್ಟೇ. ನಮ್ಮ ಇಂದೋರ್‌ನಲ್ಲೇ ಒಬ್ಬ ಉದ್ಯೋಗಿ ಆಫೀಸ್ ಕಂಪ್ಯೂಟರಿನ ಫೋಟೋವನ್ನು ಸ್ವಂತ ಮೊಬೈಲ್‌ನಲ್ಲಿ ತೆಗೆಯುವಾಗ ಸಿಕ್ಕಿಬಿದ್ದ ವಿಷಯವನ್ನು ರಾಯಿಟರ್ಸ್ ವರದಿ ಮಾಡಿತು. ಹೀಗೆ ಹೊರಗೆ ಹೋಗಿದ್ದು 69,461 ಜನರ ವಿವರ. ಕಳ್ಳರು 2 ಕೋಟಿ ಡಾಲರ್ ಕೇಳಿದರು. ಕಂಪನಿ ಕೊಡಲಿಲ್ಲ, ಅಷ್ಟೇ ಹಣವನ್ನು ಕಳ್ಳರನ್ನು ಹಿಡಿಯಲು ಸುಳಿವು ಕೊಡುವವರಿಗೆ ಬಹುಮಾನವಾಗಿ ಇಟ್ಟಿತು. ಇದು ಮೆಚ್ಚುವಂಥದ್ದೇ. ಆದರೆ ಗ್ರಾಹಕರ ಬ್ಯಾಲೆನ್ಸ್, ಐಡಿ ಫೋಟೋ ಎಲ್ಲಾ ಸಪೋರ್ಟ್‌ನವರ ಕಣ್ಣಿಗೆ ಯಾಕೆ ಬೀಳಬೇಕಿತ್ತು?

ನಿಜವಾದ ಆಟ ಶುರುವಾಗೋದು ಆಮೇಲೆ. ಕಂಪನಿಯವನಂತೆ ನಟಿಸುವ ಕಳ್ಳನ ಫೋನ್ ಬರುತ್ತದೆ. ನಿಮ್ಮ ಹೆಸರು, ವಿಳಾಸ, ಹಳೆಯ ವ್ಯವಹಾರ ಎಲ್ಲಾ ಅವನೇ ಹೇಳುತ್ತಾನೆ. "ಸರ್, ನಿಮ್ಮ ಅಕೌಂಟ್ ಹ್ಯಾಕ್ ಆಗ್ತಿದೆ, ಬೇಗ ಈ ಹೊಸ ವಾಲೆಟ್‌ಗೆ ಹಾಕಿ." ವಾಲೆಟ್ ಅಂದರೆ ಕಾಯಿನ್ ಇಡುವ ಡಿಜಿಟಲ್ ಪರ್ಸ್. ಅದನ್ನು ತೆರೆಯುವ ಗುಟ್ಟಿನ ಪದಗಳ ಸಾಲು, ಅಂದರೆ ಸೀಡ್ ಫ್ರೇಸ್ ಕೂಡ ಅವನೇ ಕೊಡುತ್ತಾನೆ! ನಮ್ಮದನ್ನು ಯಾರಿಗೂ ಹೇಳಬಾರದು ಅಂತ ಎಲ್ಲರಿಗೂ ಗೊತ್ತು. ಬೇರೆಯವರು ಕೊಟ್ಟದ್ದನ್ನು ಬಳಸಬಾರದು ಅನ್ನೋದು ಎಷ್ಟೋ ಜನಕ್ಕೆ ಹೊಳೆಯುವುದಿಲ್ಲ. ಆ ವಾಲೆಟ್ ಅವನ ಕೈಯಲ್ಲೂ ಇರುತ್ತದೆ, ಅಲ್ವಾ?

ಇಷ್ಟೆಲ್ಲಾ ಗೊತ್ತಿದೆ ಅಂದ್ರೆ ಕಂಪನಿಯವನೇ ಇರಬೇಕು ಅಂತ ಅಂದುಕೊಂಡರೆ ಕೆಟ್ಟಿರಿ. ಸುಮ್ನೆ ಫೋನ್ ಇಡಿ. ಆ್ಯಪ್ ತೆರೆದು ನೀವೇ ನೋಡಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಲೇಬೇಡಿ, ಅಲ್ಲಿ ನಕಲಿ ನಂಬರ್‌ಗಳೂ ಇರುತ್ತವೆ.

ಮೊದಲು ಇಮೇಲ್ ಭದ್ರ ಮಾಡಿ. ಎಸ್ಸೆಮ್ಮೆಸ್ ಒಟಿಪಿ ಬಿಟ್ಟು ಅಥೆಂಟಿಕೇಟರ್ (ಫೋನ್‌ನಲ್ಲೇ ಕೋಡ್ ತೋರಿಸುವ ಆ್ಯಪ್) ಅಥವಾ ಪಾಸ್‌ಕೀ (ಬೆರಳಚ್ಚು, ಮುಖ ಅಥವಾ ಫೋನ್ ಲಾಕ್‌ನಿಂದ ಲಾಗಿನ್ ಆಗುವ ವಿಧಾನ) ಹಾಕಿ. ನಿಮ್ಮ ಸಿಮ್ ಬೇರೆಯವರ ಪಾಲಾದರೆ ಒಟಿಪಿಯೂ ಅವರಿಗೇ ಹೋಗುತ್ತದೆ. ನೀವು ಮೊದಲೇ ಸೇರಿಸಿದ ವಾಲೆಟ್ ವಿಳಾಸಕ್ಕೆ ಮಾತ್ರ ಕಾಯಿನ್ ಹೋಗುವ ಸೆಟ್ಟಿಂಗ್ ಕೆಲವು ಎಕ್ಸ್‌ಚೇಂಜ್‌ಗಳಲ್ಲಿದೆ. ಇದ್ದರೆ ಇವತ್ತೇ ಆನ್ ಮಾಡಿ. ಹೊಸ ವಿಳಾಸ ಸೇರಿಸಿದರೆ ಒಂದೆರಡು ದಿನ ಕಾಯಿಸಬಹುದು. ಕಾಯಿಸಲಿ ಬಿಡಿ, ಅವಸರ ಇರೋದು ಕಳ್ಳನಿಗೆ.

ಹಣ ಹೋಗಿದ್ದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆಮೇಲೆ "ಕಳೆದ ಕಾಯಿನ್ ವಾಪಸ್ ತಂದುಕೊಡ್ತೀವಿ, ಮೊದಲು ಫೀಸ್ ಕಟ್ಟಿ" ಅನ್ನುವವರೂ ಇನ್‌ಬಾಕ್ಸ್‌ಗೆ ಬರಬಹುದು. ಅವರನ್ನು ಬ್ಲಾಕ್ ಮಾಡಿ.